ತೂಕಕ್ಕಾಗಿ ಶಸ್ತ್ರಚಿಕಿತ್ಸೆ: ಒಪ್ಪಿಕೊಂಡರೆ ಸೋತಂತೆಯೇ?

ಪ್ರಶ್ನೆ: ನನಗೆ 36 ವರ್ಷ. ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎತ್ತರ 158 ಸೆಂ.ಮೀ., ತೂಕ 112 ಕೆ.ಜಿ. ಮೊದಲ ಹೆರಿಗೆಯ ನಂತರ ಏರಿದ ತೂಕ ಇಳಿಯಲೇ ಇಲ್ಲ. ಎರಡು ಬಾರಿ ಪಥ್ಯ, ನಡಿಗೆ ಮಾಡಿ 15 ಕೆ.ಜಿ.ಯಷ್ಟು ಇಳಿಸಿದ್ದೆ. ಎರಡು ಸಲವೂ ವರ್ಷ ತುಂಬುವುದರೊಳಗೆ ಬಡ್ಡಿ ಸಮೇತ ಮರಳಿ ಬಂತು. ನಾಲ್ಕು ವರ್ಷದಿಂದ ಮಧುಮೇಹವಿದೆ. ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್ ನುಂಗುತ್ತಿದ್ದರೂ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 8.4 ಇದೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳುತ್ತಾರೆ. ಮಂಡಿ ನೋವಿದೆ, ಎದೆಯುರಿಯೂ ಇದೆ. ಬೆಂಗಳೂರಿನ ವೈದ್ಯರೊಬ್ಬರು ಜಠರವನ್ನು ಕಿರಿದಾಗಿಸುವ ‘ಸ್ಲೀವ್’ ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ. ಅತ್ತೆ ‘ಬಾಯಿ ಕಟ್ಟಿದರೆ ಸಾಕು, ಹೊಟ್ಟೆ ಕೊಯ್ಯಿಸಿಕೊಳ್ಳುವುದೇಕೆ’ ಎನ್ನುತ್ತಾರೆ. ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿ ತೀರಿಕೊಂಡ ಸುದ್ದಿಯನ್ನು ನೆನಪಿಸಿ ಗಂಡ ಹೆದರುತ್ತಿದ್ದಾರೆ. ಜೀವನಪೂರ್ತಿ ಗಂಜಿ ಕುಡಿದೇ ಬದುಕಬೇಕೆ? ಎರಡನೇ ಮಗು ಆಗುತ್ತದೆಯೇ? ಇದಕ್ಕಿಂತ ಈಗ ಬಂದಿರುವ ಇಂಜೆಕ್ಷನ್ ಒಳ್ಳೆಯದೇ? ಎಲ್ಲಕ್ಕಿಂತ ಹೆಚ್ಚಾಗಿ, ಇದಕ್ಕೆ ಒಪ್ಪಿಕೊಂಡರೆ ನಾನು ಸೋತಂತೆ ಎಂಬ ಭಾವನೆ ಬಿಡುತ್ತಿಲ್ಲ.

ಉತ್ತರ:

ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಸೋತೆ ಎಂಬ ಭಾವನೆ ಮನಸ್ಸಿನಲ್ಲಿ ಕೂತಿರುವವರೆಗೆ ಯಾವ ಆಯ್ಕೆಯೂ ಸರಿಯಾಗಿ ಕಾಣುವುದಿಲ್ಲ. ತೂಕದ ಶಸ್ತ್ರಚಿಕಿತ್ಸೆ ಕೇಳಿಕೊಂಡು ನನ್ನ ಬಳಿ ಬರುವವರಲ್ಲಿ ಬಹುತೇಕರು ಕುರ್ಚಿಯಲ್ಲಿ ಕೂರುವ ಮೊದಲೇ ‘ನನ್ನದೇ ತಪ್ಪು ಡಾಕ್ಟರೇ, ಬಾಯಿ ಕಟ್ಟಲು ಆಗಲಿಲ್ಲ’ ಎಂದು ತಪ್ಪೊಪ್ಪಿಗೆಯ ದನಿಯಲ್ಲಿ ಮಾತು ಶುರು ಮಾಡುತ್ತಾರೆ. ರಕ್ತದೊತ್ತಡದ ರೋಗಿಯೋ ಥೈರಾಯ್ಡ್ ರೋಗಿಯೋ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿಲ್ಲ.

ನೀವು ಎರಡು ಸಲ 15 ಕೆ.ಜಿ. ಇಳಿಸಿದ್ದೀರಿ. ಬಾಯಿ ಕಟ್ಟಲು ಬಾರದವರಿಂದ ಅದು ಆಗುವ ಕೆಲಸವಲ್ಲ. ಆಮೇಲೆ ನಡೆದದ್ದು ನಿಮ್ಮ ದೇಹದ ಪ್ರತಿಕ್ರಿಯೆ. ತೂಕ ಇಳಿದಾಗ ದೇಹ ಅದನ್ನು ಬರಗಾಲವೆಂದು ತಿಳಿಯುತ್ತದೆ. ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಏರುತ್ತದೆ, ಕೊಬ್ಬಿನ ಕೋಶಗಳಿಂದ ಬಂದು ಹಸಿವನ್ನು ತಗ್ಗಿಸುವ ಲೆಪ್ಟಿನ್ ಕುಸಿಯುತ್ತದೆ, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಮೆಲ್ಬೋರ್ನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಠಿಣ ಪಥ್ಯದಿಂದ ತೂಕ ಇಳಿಸಿಕೊಂಡವರನ್ನು ಒಂದು ವರ್ಷದ ನಂತರ ಪರೀಕ್ಷಿಸಿದರು. ಆಗಲೂ ಹಸಿವಿನ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ, ಅವರ ಹಸಿವು ಪಥ್ಯಕ್ಕೆ ಮೊದಲಿದ್ದುದಕ್ಕಿಂತ ಹೆಚ್ಚೇ ಇತ್ತು. ಅತ್ತೆಯವರಿಗೆ ಇದನ್ನು ವಿವರಿಸಿ ಹೇಳಬಹುದು. ಅವರ ಮಾತಿನಲ್ಲಿ ಕೆಡುಕಿಲ್ಲ, ಅವರ ಕಾಲದಲ್ಲಿ ಈ ತಿಳಿವಳಿಕೆ ಇರಲಿಲ್ಲ.

ಈಗ ನಿಮ್ಮ ಅಂಕಿಗಳಿಗೆ ಬರೋಣ. 112 ಕೆ.ಜಿ.ಯನ್ನು 1.58 ಮೀಟರಿನ ವರ್ಗದಿಂದ ಭಾಗಿಸಿದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಸುಮಾರು 45. ಭಾರತೀಯರಲ್ಲಿ 25 ದಾಟಿದರೆ ಬೊಜ್ಜು ಎಂದೇ ಲೆಕ್ಕ, ಏಕೆಂದರೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯೊಳಗೆ ಕೊಬ್ಬು ಸೇರಿ ಮಧುಮೇಹ ಬರುತ್ತದೆ. 2022ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಬೇರೆ ಕಾಯಿಲೆ ಇರಲಿ ಬಿಡಲಿ, ಬಿಎಂಐ 35 ದಾಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಮಧುಮೇಹವಿದ್ದರೆ 30ರಿಂದಲೇ ಯೋಚಿಸಬಹುದು ಎನ್ನುತ್ತದೆ, ಏಷ್ಯಾದವರಿಗೆ ಆ ಮಿತಿಯನ್ನು 27.5ಕ್ಕೆ ಇಳಿಸಿದೆ. ಅಂದರೆ ನಿಮ್ಮದು ಗಡಿರೇಖೆಯ ಮೇಲಿರುವ ಪ್ರಕರಣವಲ್ಲ.

ನನ್ನ ಗಮನ ತೂಕಕ್ಕಿಂತ ಹೆಚ್ಚಾಗಿ ಆ ‘ನಾಲ್ಕು ವರ್ಷ’ದ ಮೇಲೆ ಹೋಯಿತು. ಶಸ್ತ್ರಚಿಕಿತ್ಸೆಯ ನಂತರ ಮಧುಮೇಹ ಹತೋಟಿಗೆ ಬಂದು ಮಾತ್ರೆಯಿಲ್ಲದೆ ಇರುವ ಸಾಧ್ಯತೆಯು ಕಾಯಿಲೆ ಹೊಸದಾಗಿದ್ದು, ಇನ್ಸುಲಿನ್ ಇನ್ನೂ ಆರಂಭವಾಗದಿದ್ದಾಗ ಬಹಳ ಹೆಚ್ಚು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಮೇದೋಜೀರಕ ಗ್ರಂಥಿಯ ಶಕ್ತಿಯೇ ಕುಂದಿರುತ್ತದೆ. ಆಗ ತೂಕ ಇಳಿದರೂ ಸಕ್ಕರೆ ಅಷ್ಟಾಗಿ ಮಣಿಯುವುದಿಲ್ಲ. ಮಾತ್ರೆ ನಿಂತವರಲ್ಲೂ ಕೆಲವರಿಗೆ ವರ್ಷಗಳ ನಂತರ ಮಧುಮೇಹ ಮರಳುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಆದ ಸುಮಾರು 2,000 ಮಂದಿಯನ್ನು, ಆಗದ ಅಷ್ಟೇ ಮಂದಿಯೊಡನೆ ಹೋಲಿಸುತ್ತಾ ಬಂದಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ವಯಸ್ಸು ಮುಂತಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಅಪಾಯ ಶೇ 29ರಷ್ಟು ಕಡಿಮೆಯಿತ್ತು. ಈ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯದ ವಿಷಯವೆಂದು ತಳ್ಳಿಹಾಕುವವರಿಗೆ ನಾನು ಕೊಡುವ ಉತ್ತರ ಇದು.

ನಿಮ್ಮ ಪತಿಯ ಭಯ ಸಹಜವಾದದ್ದು, ಆದರೆ ಅವರು ಎರಡು ಬೇರೆ ಬೇರೆ ಚಿಕಿತ್ಸೆಗಳನ್ನು ಬೆರೆಸಿದ್ದಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಆ ದುರಂತ ಕೊಬ್ಬು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಗೆ ಸಂಬಂಧಿಸಿದ್ದು. ಅಲ್ಲಿ ಚರ್ಮದಡಿಯ ಕೊಬ್ಬನ್ನು ತೆಗೆಯುತ್ತಾರೆ. ಅದರಿಂದ ಹಸಿವೂ ಬದಲಾಗುವುದಿಲ್ಲ, ಮಧುಮೇಹವೂ ಬದಲಾಗುವುದಿಲ್ಲ. ನಿಮಗೆ ಸೂಚಿಸಿರುವುದರಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ, ಕೆಲಸವೆಲ್ಲ ಜಠರದ ಮೇಲೆ.

ಹಾಗೆಂದು ಇದು ಅಪಾಯವಿಲ್ಲದ್ದೇನಲ್ಲ. ಅನುಭವಿ ತಂಡವಿರುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ. ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯದ್ದೂ ಹೆಚ್ಚುಕಡಿಮೆ ಇಷ್ಟೇ. ಹೊಲಿಗೆಯ ಸಾಲಿನಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದು, ಈ ಮೂರು ನಾವು ಹೆದರುವ ತೊಂದರೆಗಳು. ಸೋರಿಕೆ ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಜನರಿಗೆ ಆಗುತ್ತದೆ, ಆದರೆ ಆದವರಿಗೆ ವಾರಗಟ್ಟಲೆ ಆಸ್ಪತ್ರೆವಾಸ. ನಿಮ್ಮ ವಿಷಯದಲ್ಲಿ ಇನ್ನೊಂದು ಮಾತಿದೆ. ನಿದ್ರೆಯಲ್ಲಿ ಉಸಿರು ನಿಲ್ಲುವುದನ್ನು ಮೊದಲು ನಿದ್ರಾ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಅಗತ್ಯವಿದ್ದರೆ ನಿದ್ರೆಯಲ್ಲಿ ಮುಖವಾಡದ ಮೂಲಕ ಗಾಳಿಯೊತ್ತಿ ಉಸಿರುದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಕೆಲವು ವಾರ ಬಳಸಿದ ಮೇಲೆಯೇ ಅರಿವಳಿಕೆ ಕೊಡಬೇಕು. ಈ ಪರೀಕ್ಷೆಯ ಸುದ್ದಿಯೇ ಎತ್ತದೆ ಶಸ್ತ್ರಚಿಕಿತ್ಸೆಯ ದಿನ ನಿಗದಿ ಮಾಡುವವರಿಂದ ದೂರವಿರಿ.

ಮನೆಗೆ ಬಂದ ಮೊದಲ ಎರಡು ವಾರ ನಾಡಿ ಬಡಿತ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ, ಉಸಿರಾಟ ಕಷ್ಟವಾದರೆ ಅಥವಾ ಹೊಟ್ಟೆನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್‌ಗೆಂದು ಇಂಜೆಕ್ಷನ್ ಹಾಕಿಸಿಕೊಂಡು ಕಾಯಬೇಡಿ. ನೇರವಾಗಿ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೋಗಿ. ಬೆಂಗಳೂರು ನಿಮಗೆ ದೂರವಲ್ಲ. ಆ ಎರಡು ಗಂಟೆಯ ಪ್ರಯಾಣವನ್ನು ಮುಂದೂಡಿದ್ದರಿಂದಲೇ ಕೆಟ್ಟ ಪ್ರಕರಣಗಳು ಕೆಲವಿವೆ.

ಇನ್ನು ಯಾವ ಶಸ್ತ್ರಚಿಕಿತ್ಸೆ ಎಂಬ ಪ್ರಶ್ನೆ. ಇದನ್ನು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಸ್ಲೀವ್‌ನಲ್ಲಿ ಜಠರದ ಶೇ 75ರಿಂದ 80 ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ಸಪೂರವಾದ ಕೊಳವೆಯನ್ನು ಉಳಿಸುತ್ತಾರೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಹೋಗುವುದರಿಂದ ಹಸಿವು ಗಮನಾರ್ಹವಾಗಿ ತಗ್ಗುತ್ತದೆ. ಕರುಳನ್ನು ಮುಟ್ಟದ ಕಾರಣ ಇದು ಸರಳ. ಆದರೆ ಆ ಕೊಳವೆಯೊಳಗೆ ಒತ್ತಡ ಹೆಚ್ಚು. ಮೊದಲೇ ಎದೆಯುರಿ ಇದ್ದವರಿಗೆ ಸ್ಲೀವ್ ನಂತರ ಅದು ಉಲ್ಬಣಿಸಬಹುದು, ಇಲ್ಲದವರಿಗೂ ಹೊಸದಾಗಿ ಬರಬಹುದು. ನಿಮ್ಮ ಪತ್ರದಲ್ಲಿ ಎದೆಯುರಿ ಒಂದೇ ಮಾತಿನಲ್ಲಿ ಮುಗಿದಿದೆ. ನನಗೆ ಅದೇ ನಿರ್ಣಾಯಕ ಎನಿಸುತ್ತದೆ. ಎಂಡೋಸ್ಕೋಪಿ ಮಾಡಿಸಿ. ಅನ್ನನಾಳದ ಕೆಳತುದಿಯಲ್ಲಿ ಹುಣ್ಣು ಅಥವಾ ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಸರಿಯುವುದು) ಕಂಡರೆ ನಾನಾದರೆ ಸ್ಲೀವ್ ಬದಲು ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್ ಸೂಚಿಸುತ್ತೇನೆ. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲ ಮಾಡಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಎದೆಯುರಿ ಸಾಮಾನ್ಯವಾಗಿ ಶಮನವಾಗುತ್ತದೆ, ಮಧುಮೇಹದ ಮೇಲೂ ಪರಿಣಾಮ ತುಸು ಹೆಚ್ಚು.

ಬೈಪಾಸ್‌ಗೆ ಬೇರೆ ಬೆಲೆ ತೆರಬೇಕು. ಕಬ್ಬಿಣ, ಬಿ12, ಕ್ಯಾಲ್ಸಿಯಂ ಕೊರತೆ ಸ್ಲೀವ್‌ಗಿಂತ ಹೆಚ್ಚು. ಸಿಹಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು ಬರುವ ಡಂಪಿಂಗ್ ತೊಂದರೆ ಕೆಲವರಿಗೆ ಕಾಡುತ್ತದೆ. ವರ್ಷಗಳ ನಂತರವೂ ಕರುಳು ಒಳಗೆ ಸಿಕ್ಕಿಕೊಂಡು ತೀವ್ರ ಹೊಟ್ಟೆನೋವು ಬರುವ ಸಾಧ್ಯತೆ ಅಲ್ಪಮಟ್ಟಿಗೆ ಇರುತ್ತದೆ. ಇವೆಲ್ಲಕ್ಕಿಂತ ನಿಮಗೆ ಮುಖ್ಯವಾದದ್ದು ಮಂಡಿ ನೋವಿಗೆ ನೀವು ಔಷಧ ಅಂಗಡಿಯಿಂದ ತಂದು ನುಂಗುತ್ತಿರಬಹುದಾದ ಮಾತ್ರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಇರುವ ಯಾವ ಮಾತ್ರೆಯೂ ಬೈಪಾಸ್ ಆದವರಿಗೆ ನಿಷಿದ್ಧ. ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ತೂತೂ ಬೀಳಬಹುದು. ಹಲ್ಲುನೋವಿಗೆ ಹೋದರೂ, ಜ್ವರಕ್ಕೆ ಹೋದರೂ ‘ನನಗೆ ಬೈಪಾಸ್ ಆಗಿದೆ’ ಎಂದು ಹೇಳುವ ಅಭ್ಯಾಸವಾಗಬೇಕು. ಆಗ ಅನೇಕರು ಹೃದಯದ ಬೈಪಾಸ್ ಎಂದುಕೊಳ್ಳುತ್ತಾರೆ, ಆದ್ದರಿಂದ ‘ಹೊಟ್ಟೆಯ ಬೈಪಾಸ್’ ಎಂದೇ ಹೇಳಿ. ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು.

ಕರುಳನ್ನು ಒಂದೇ ಕಡೆ ಜೋಡಿಸುವ ಮಿನಿ ಬೈಪಾಸ್ ನಮ್ಮ ದೇಶದಲ್ಲಿ ಸಾಕಷ್ಟು ಪ್ರಚಲಿತ. ಅದರಲ್ಲಿ ಪಿತ್ತರಸ ಮೇಲಕ್ಕೆ ಬರುವ ಸಾಧ್ಯತೆ ಇರುವುದರಿಂದ ನಿಮಗೆ ಅದು ನನ್ನ ಮೊದಲ ಆಯ್ಕೆಯಲ್ಲ.

ತೂಕದ ವಿಷಯದಲ್ಲಿ ನಿರೀಕ್ಷೆ ನೆಲದ ಮೇಲಿರಲಿ. ಒಂದೂವರೆ ಎರಡು ವರ್ಷದಲ್ಲಿ ಒಟ್ಟು ದೇಹತೂಕದ ಶೇ 25ರಿಂದ 30ರಷ್ಟು ಇಳಿಯುವುದು ಸಾಮಾನ್ಯ. ನಿಮ್ಮ ಲೆಕ್ಕದಲ್ಲಿ ಅದು 80 ಕೆ.ಜಿ.ಯ ಆಸುಪಾಸು. ಮದುವೆಯ ಫೋಟೊದಲ್ಲಿದ್ದ ತೂಕಕ್ಕೆ ಮರಳುತ್ತೇನೆ ಎಂದು ಹೊರಟವರು, ಮಧುಮೇಹದ ಮಾತ್ರೆ ನಿಂತು ಮೆಟ್ಟಿಲು ಹತ್ತುವಂತಾದರೂ, ನಿರಾಶರಾಗಿ ಕೂರುವುದನ್ನು ನೋಡುತ್ತೇನೆ. ಎರಡನೇ ವರ್ಷದ ನಂತರ ಕೆಲವು ಕೆ.ಜಿ. ಮರಳುವುದೂ ಸಾಮಾನ್ಯವೇ. ಹಸಿವು ಅಷ್ಟಿಷ್ಟು ಹಿಂದಿರುಗುವ ಆ ಹೊತ್ತಿಗೆ ಹೆಚ್ಚಿನವರು ತಪಾಸಣೆಗೆ ಬರುವುದನ್ನು ನಿಲ್ಲಿಸಿರುತ್ತಾರೆ. ನಿಜವಾಗಿ ನೀವು ತೀರ್ಮಾನಿಸಬೇಕಾದದ್ದು ಇದನ್ನೇ. ಶಸ್ತ್ರಚಿಕಿತ್ಸೆಗೆ ಒಂದೆರಡು ಗಂಟೆ ಸಾಕು. ಐದನೇ ವರ್ಷವೂ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ನುಂಗಿ, ತಟ್ಟೆಯ ಮೇಲೆ ಗಮನವಿಡಲು ನಿಮಗೆ ಆಗುತ್ತದೆಯೇ, ಮನೆಯವರು ಅದಕ್ಕೆ ಒಗ್ಗುತ್ತಾರೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

‘ಜೀವನಪೂರ್ತಿ ಗಂಜಿ’ ಎಂಬುದು ಸುಳ್ಳು. ಗಂಜಿಯ ಕಾಲ ಇದೆ, ಆದರೆ ಅದು ಕೆಲವೇ ವಾರ. ಐದಾರು ಸಣ್ಣ ರಂಧ್ರಗಳ ಮೂಲಕ ಲ್ಯಾಪರೊಸ್ಕೋಪಿಯಲ್ಲಿ ಕೆಲಸ ಮುಗಿಯುತ್ತದೆ, ಅದೇ ಸಂಜೆ ನಡೆಸುತ್ತಾರೆ, ಎರಡು ಮೂರು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಹೊಟ್ಟೆಗಿಂತ ಭುಜ ನೋಯುತ್ತದೆ ಎಂದು ಗಾಬರಿಯಾಗಬೇಡಿ, ಹೊಟ್ಟೆಗೆ ತುಂಬಿದ ಅನಿಲದಿಂದ ಆ ನೋವು ಬರುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. ಮೊದಲ ಎರಡು ವಾರ ಬೇಳೆ ಕಟ್ಟು, ನೀರು ಮಜ್ಜಿಗೆ, ಸೋಸಿದ ಸಾರು, ಪ್ರೋಟೀನ್ ಪುಡಿ ಬೆರೆಸಿದ ಹಾಲು. ಎಲ್ಲವೂ ಗುಟುಕು ಗುಟುಕಾಗಿ, ದಿನವಿಡೀ. ಆಮೇಲೆ ಎರಡು ವಾರ ಚೆನ್ನಾಗಿ ಮಸೆದ ಆಹಾರ, ನಂತರ ಮೆದುವಾದದ್ದು. ಆರರಿಂದ ಎಂಟು ವಾರದ ಹೊತ್ತಿಗೆ ಮನೆಯವರು ತಿನ್ನುವುದನ್ನೇ ನೀವೂ ತಿನ್ನುತ್ತೀರಿ, ಪುಟ್ಟ ಬಟ್ಟಲಿನಲ್ಲಿ.

ಆದರೆ ತಿನ್ನುವ ರೀತಿ ಬದಲಾಗಬೇಕು. ನಿಮ್ಮ ಸೀಮೆಯವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ. ರಾಗಿ ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಚಿಕ್ಕಂದಿನಿಂದ ಬಂದ ಆ ಅಭ್ಯಾಸವೇ ಇಲ್ಲಿ ಶತ್ರು. ಮಂಡ್ಯ ಕಡೆಯ ರೈತರೊಬ್ಬರು ಸ್ಲೀವ್ ಆದ ಐದನೇ ವಾರದಲ್ಲಿ, ಬಾಯಿ ಕೆಟ್ಟುಹೋಗಿದೆ ಎಂದು, ಬಸ್ಸಾರಿನ ಜೊತೆ ಒಂದೇ ಒಂದು ತುತ್ತು ಮುದ್ದೆ ನುಂಗಿದರು. ಅದು ಎದೆಯ ನಡುವೆ ನಿಂತಿತು. ಉಗುಳನ್ನೂ ನುಂಗಲಾಗದೆ ಟವೆಲಿಗೆ ಉಗುಳುತ್ತಾ ಬಂದರು, ಎಂಡೋಸ್ಕೋಪಿಯಲ್ಲಿ ಆ ತುತ್ತನ್ನು ಒಳಗೆ ಜಾರಿಸಬೇಕಾಯಿತು. ಮುದ್ದೆ ಬಿಡಬೇಕಾಗಿಲ್ಲ. ಮೊದಲ ಮೂರು ತಿಂಗಳು ಮುದ್ದೆ ಬೇಡ, ಆಮೇಲೆ ಕಡಲೆಕಾಯಿ ಬೀಜದ ಗಾತ್ರದ ತುತ್ತು, ಅದನ್ನೂ ಅಗಿದು ತಿನ್ನಬೇಕು. ಒಂದು ಊಟಕ್ಕೆ 20ರಿಂದ 30 ನಿಮಿಷ ಹಿಡಿಯಲಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಶಾಲೆಯ ಬಿಡುವಿನಲ್ಲಿ ಐದು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡುವ ಶಿಕ್ಷಕರ ಅಭ್ಯಾಸ ನನಗೆ ಗೊತ್ತು. ಇದಕ್ಕಾಗಿ ಮುಖ್ಯೋಪಾಧ್ಯಾಯರ ಬಳಿ ಮೊದಲೇ ಮಾತನಾಡಿ.

ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು. ಅನ್ನ, ಸಾರು, ಮುದ್ದೆಯ ಊಟದಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ 18ರ ಸುತ್ತ, ಒಂದು ಸಣ್ಣ ಬಟ್ಟಲು ಬೇಯಿಸಿದ ಬೇಳೆಯಲ್ಲಿ 6-7. ಹಾಗಾಗಿ ತಟ್ಟೆಯಲ್ಲಿ ಕಾಳು, ಮೊಟ್ಟೆ, ಮೊಸರು ಮೊದಲು, ಅನ್ನ ಕೊನೆಗೆ. ದೋಸೆ, ಇಡ್ಲಿ, ಮೊಸರನ್ನ ಸಲೀಸಾಗಿ ಇಳಿಯುತ್ತವೆ ಎಂದು ಅವನ್ನೇ ನೆಚ್ಚಿಕೊಂಡವರ ತೂಕ ಮೂರನೇ ವರ್ಷಕ್ಕೆ ಏರತೊಡಗುತ್ತದೆ.

ವಿಟಮಿನ್ ಮಾತ್ರೆಗಳು ಜೀವನಪರ್ಯಂತ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣ, ಬಿ12, ಡಿ ವಿಟಮಿನ್‌ಗಳ ಕೊರತೆ ಶಸ್ತ್ರಚಿಕಿತ್ಸೆಗೆ ಮೊದಲೇ ಸಾಮಾನ್ಯ, ಆದ್ದರಿಂದ ಈಗಲೇ ಪರೀಕ್ಷಿಸಿ ಸರಿಪಡಿಸಿಕೊಂಡು ಹೋಗಬೇಕು. ಶಸ್ತ್ರಚಿಕಿತ್ಸೆಯ ನಂತರ ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಬಿ1 ವಿಟಮಿನ್ ಕುಸಿದು ನರಗಳಿಗೂ ಮೆದುಳಿಗೂ ಹಾನಿಯಾಗುತ್ತದೆ. ಅಂಥ ಹೊತ್ತಿನಲ್ಲಿ ಬಿ1 ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸುವುದು ಅಪಾಯಕಾರಿ. ಊರಿನ ವೈದ್ಯರಿಗೆ ತೋರಿಸಲು ಇದನ್ನು ಚೀಟಿಯಲ್ಲಿ ಬರೆಸಿಕೊಂಡು ಪರ್ಸಿನಲ್ಲಿಡಿ.

ಕೂದಲು ಮೂರನೇ ತಿಂಗಳಿನಿಂದ ಉದುರುತ್ತದೆ, ಪೋಷಣೆ ಸರಿಯಿದ್ದರೆ ವರ್ಷದೊಳಗೆ ಮರಳಿ ಬೆಳೆಯುತ್ತದೆ. ತೋಳು, ಹೊಟ್ಟೆಯ ಚರ್ಮ ಜೋತು ಬೀಳುತ್ತದೆ, ಅದು ತಾನಾಗಿ ಪೂರ್ತಿ ಸರಿಹೋಗುವುದಿಲ್ಲ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗದಂತೆ ಆರು ತಿಂಗಳು ಮಾತ್ರೆ ಕೊಡುತ್ತಾರೆ. ‘ಯಾಕಿಷ್ಟು ಸೊರಗಿ ಹೋಗಿದ್ದೀರಿ, ಏನು ಕಾಯಿಲೆ’ ಎಂದು ಕೇಳುವವರಿಗೆ ಏನು ಹೇಳಬೇಕೆಂಬುದನ್ನು ನೀವೇ ಮೊದಲೇ ಯೋಚಿಸಿಡಿ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ.

ಎರಡನೇ ಮಗುವಿನ ವಿಷಯ ಸ್ವಲ್ಪ ಸೂಕ್ಷ್ಮ. ತೂಕ ಇಳಿದಂತೆ ಅಂಡೋತ್ಪತ್ತಿ ಸುಧಾರಿಸುತ್ತದೆ, ಗರ್ಭಾವಸ್ಥೆಯ ರಕ್ತದೊತ್ತಡ ಕಡಿಮೆಯಾಗುತ್ತದೆ. ಆದರೆ ತೂಕ ವೇಗವಾಗಿ ಇಳಿಯುವ ಮೊದಲ 12ರಿಂದ 18 ತಿಂಗಳು ಗರ್ಭ ನಿಲ್ಲಬಾರದು, ಮಗುವಿಗೆ ಪೋಷಣೆ ಸಾಲದು. ‘ಇಷ್ಟು ವರ್ಷ ಆಗಲಿಲ್ಲ, ಈಗೇನು ಆಗುತ್ತದೆ’ ಎಂದು ಎಚ್ಚರ ತಪ್ಪಿದವರೇ ಮೂರನೇ ತಿಂಗಳಲ್ಲಿ ಗರ್ಭಿಣಿಯಾಗಿ ಬರುತ್ತಾರೆ. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನು ನಂಬುವಂತಿಲ್ಲ, ಕಾಪರ್-ಟಿ ಮೇಲು. ಕಾದ ಮೇಲೆ ನಿಮಗೆ 38 ಆಗಿರುತ್ತದೆ. ವಯಸ್ಸಿನ ಈ ಲೆಕ್ಕವನ್ನು ಸ್ತ್ರೀರೋಗ ತಜ್ಞರ ಎದುರು ಪತಿಯ ಜೊತೆ ಕೂತು ಮಾತನಾಡಿ. ಗರ್ಭಿಣಿಯಾದಾಗ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಬೇಡ, ಡಂಪಿಂಗ್ ಆಗಬಹುದು. ಗ್ಲುಕೋಮೀಟರಿನಲ್ಲಿ ದಿನನಿತ್ಯ ನೋಡಿಕೊಂಡರೆ ಸಾಕು ಎಂದು ಅವರಿಗೆ ನೆನಪಿಸಿ.

ಇಂಜೆಕ್ಷನ್‌ಗಳ ಬಗ್ಗೆ ನನಗೆ ಗೌರವವಿದೆ. ಸೆಮಾಗ್ಲುಟೈಡ್ ಪ್ರಯೋಗಗಳಲ್ಲಿ ಸುಮಾರು ಶೇ 15, 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್ ಹೆಚ್ಚಿನ ಪ್ರಮಾಣದಲ್ಲಿ ಸುಮಾರು ಶೇ 20 ತೂಕ ಇಳಿಸಿತು. ಮಧುಮೇಹ ಇದ್ದವರಲ್ಲಿ ಎರಡರ ಫಲವೂ ಇದಕ್ಕಿಂತ ಕಡಿಮೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು. ಮಗುವಿಗೆ ಪ್ರಯತ್ನಿಸುವ ಎರಡು ತಿಂಗಳು ಮೊದಲೇ ಅದನ್ನು ನಿಲ್ಲಿಸಬೇಕು ಕೂಡ. ಹಾಗಾಗಿ ನಿಮ್ಮ ಪರಿಸ್ಥಿತಿಗೆ ಅದೊಂದೇ ಸಾಲದು ಎಂದು ನನ್ನ ಅಭಿಪ್ರಾಯ. ಶಸ್ತ್ರಚಿಕಿತ್ಸೆಗೆ ಮನಸ್ಸು ಒಪ್ಪದಿದ್ದರೆ ಮಾತ್ರ ಅದು ಖಂಡಿತ ಒಳ್ಳೆಯ ದಾರಿ. ಏನೂ ಮಾಡದೆ ಇನ್ನೂ ಐದು ವರ್ಷ ಕಳೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯ ಪ್ರಕಾರ 18 ವರ್ಷ ದಾಟಿದವರಲ್ಲಿ ಬಿಎಂಐ 40 ಅಥವಾ ಹೆಚ್ಚಿದ್ದು, ವೈದ್ಯರ ಸಲಹೆಯಂತೆ ಮಾಡಿಸಿಕೊಂಡರೆ, ಬೊಜ್ಜಿನ ಕಾರಣಕ್ಕೆ ವಿಮಾ ಕಂಪನಿ ಇದನ್ನು ಹೊರಗಿಡುವಂತಿಲ್ಲ. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೇ ನೋಡಿ. ಹಿಂದೆ ತೂಕ ಇಳಿಸಿದಾಗಿನ ಚೀಟಿ, ಆಹಾರ ತಜ್ಞರ ಕಡತ ಇದ್ದರೆ ಜೋಪಾನ ಮಾಡಿ, ಅವನ್ನು ಕೇಳುತ್ತಾರೆ.

ನೀವು ಶಿಕ್ಷಕಿಯಾದ್ದರಿಂದ ಏಪ್ರಿಲ್‌ನ ರಜೆ ಹೇಳಿ ಮಾಡಿಸಿದ ಕಾಲ. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಮೆದು ಆಹಾರದ ಹಂತ ಮುಗಿದಿರುತ್ತದೆ. ಅದಕ್ಕೆ ಮೊದಲು ನಿದ್ರಾ ಪರೀಕ್ಷೆ, ಎಂಡೋಸ್ಕೋಪಿ, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹದ ಅಳತೆ), ಬಿ12 ಮತ್ತು ಡಿ ವಿಟಮಿನ್ ಪರೀಕ್ಷೆ ಮುಗಿಸಿ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲು ಯಕೃತ್ತು ಕುಗ್ಗಲೆಂದು ಕಡಿಮೆ ಕ್ಯಾಲರಿಯ ದ್ರವಾಹಾರ ಕೊಡುತ್ತಾರೆ. ಅದು ಶುರುವಾಗುವ ದಿನವೇ ಡಾಪಾಗ್ಲಿಫ್ಲೋಜಿನ್ ನಿಲ್ಲಿಸುವ ಬಗ್ಗೆ ನಿಮ್ಮ ಮಧುಮೇಹ ತಜ್ಞರನ್ನು ಕೇಳಿ. ಉಪವಾಸದ ಜೊತೆ ಆ ಮಾತ್ರೆ ಸೇರಿದರೆ ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಮೊದಲ ಭೇಟಿಗೆ ಪತಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಎಂಡೋಸ್ಕೋಪಿ ವರದಿ ನೋಡಿದ ಮೇಲೂ ಸ್ಲೀವ್ ಸರಿ ಎಂದು ಅಲ್ಲಿನ ವೈದ್ಯರು ಹೇಳಿದರೆ, ನನ್ನ ಎದೆಯುರಿಗೆ ಏನು ಗತಿ ಎಂದು ಬಿಡಿಸಿ ಕೇಳಿ, ಉತ್ತರ ಮನಸ್ಸಿಗೆ ಒಪ್ಪುವವರೆಗೆ ಸಹಿ ಹಾಕಬೇಡಿ.